ಜೇಡಮಾನವನ ಹೊಸ ಹುಟ್ಟು: ವರವೋ, ವಿದ್ಯೆಯೋ?

ವೀರನೊಬ್ಬನ ಸಾಹಸವನ್ನು ಕೇಳಿದ ಕೂಡಲೆ ಅವನಿಗೆ ಆ ಬಲ ಎಲ್ಲಿಂದ ಬಂದಿತೆಂದು ಕೇಳುವುದು ಮನುಷ್ಯನ ಸ್ವಭಾವ. ಕರ್ಣನ ಕವಚಕುಂಡಲಗಳು ಹೇಗೆ ಬಂದುವು, ಹನುಮಂತನು ಸಮುದ್ರವನ್ನು ಹಾರಬಲ್ಲವನಾದುದು ಹೇಗೆ ಎಂಬುದು ತಿಳಿಯದೆ ಕೇಳುಗನಿಗೆ ಸಮಾಧಾನವಿಲ್ಲ. ನಮ್ಮ ಕಾಲದ ಚಿತ್ರಕಥೆಗಳಲ್ಲಿ ಮೆರೆಯುವ ಅತಿಮಾನುಷ ವೀರರಿಗೂ ಇಂಥ ಹುಟ್ಟಿನ ಕಥೆಗಳುಂಟು. ವಿಶೇಷವೇನೆಂದರೆ, ಪ್ರತಿಯೊಂದು ತಲೆಮಾರೂ ಆ ಕಥೆಯನ್ನು ತನ್ನ ನಂಬಿಕೆಗೆ ಒಪ್ಪುವಂತೆ ತಿದ್ದಿ ಹೇಳುತ್ತದೆ. ಆದುದರಿಂದ ತಿದ್ದಿದ ಕಥೆಯನ್ನು ನೋಡಿ ತಿದ್ದಿದವರ ಮನಸ್ಸನ್ನೂ ಅಳೆಯಬಹುದು.

ಅಂಥ ಒಂದು ಕಥೆಯನ್ನು ಈ ತಿಂಗಳು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ‘ಸ್ಪೈಡರ್-ಮ್ಯಾನ್: ಇಂಡಿಯಾ’ ಎಂಬ ಚಿತ್ರಕಥೆ 2004ರಲ್ಲಿ ನಾಲ್ಕು ಸಂಚಿಕೆಗಳಾಗಿ ಪ್ರಕಟವಾಯಿತು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಜೀವನ್ ಕಾಂಗ್ ಅದನ್ನು ರೂಪಿಸಿದರು. ಚಿತ್ರಗಳು ಕಾಂಗ್ ಅವರವು. ಇಪ್ಪತ್ತು ವರ್ಷ ದಾಟಿದ ಪುಸ್ತಕದ ಮಾತು ಈಗೇಕೆ ಎಂದು ವಾಚಕರು ಕೇಳಬಹುದು. ಅದರ ನಾಯಕ ಪವಿತ್ರ್ ಪ್ರಭಾಕರ್ 2023ರಲ್ಲಿ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಎಂಬ ಚಲನಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡ, ಆ ಚಿತ್ರ ಕನ್ನಡ ಧ್ವನಿಯಲ್ಲಿಯೂ ಬಂದಿತು. ಈಗ ಅವನು ವಿಜಯಪುರದ ಮಗುವಿಗೂ ತಿಕೋಟಾ, ಬಬಲೇಶ್ವರಗಳ ಮಗುವಿಗೂ ಅವರವರ ಮಾತಿನಲ್ಲಿಯೇ ಸಿಕ್ಕುವ ವೀರ. ಹೀಗಿರುವಾಗ ಅವನ ಹುಟ್ಟಿನ ಕಥೆ ನಮ್ಮ ಮಕ್ಕಳಿಗೆ ಏನು ಹೇಳುತ್ತದೆಂಬುದನ್ನು ವಿಚಾರ ಮಾಡುವುದು ವಿಜ್ಞಾನ ಪತ್ರಿಕೆಯ ಕೆಲಸವೇ ಸರಿ.

ಮೊದಲು ಮೂಲಕಥೆ. 1962ರ ಆಗಸ್ಟ್ ಸಂಚಿಕೆಯೊಂದರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಜೇಡಮಾನವನನ್ನು ಲೋಕಕ್ಕೆ ಪರಿಚಯಿಸಿದರು. ಪೀಟರ್ ಪಾರ್ಕರ್ ಎಂಬ ತಬ್ಬಲಿ ಹುಡುಗ ಚಿಕ್ಕಪ್ಪ ಚಿಕ್ಕಮ್ಮಂದಿರ ಆಸರೆಯಲ್ಲಿ ಬೆಳೆಯುತ್ತಾನೆ. ಓದಿನಲ್ಲಿ ಜಾಣ, ಜೊತೆಯವರ ಗೇಲಿಗೆ ಗುರಿ. ವಿಕಿರಣದ ಪ್ರಯೋಗವನ್ನು ಸಾರ್ವಜನಿಕರಿಗೆ ತೋರಿಸುವ ಒಂದು ಕಡೆಗೆ ಅವನು ತಾನಾಗಿಯೇ ಹೋಗುತ್ತಾನೆ. ಅಲ್ಲಿ ಕಿರಣಗಳ ನಡುವೆ ಸಿಕ್ಕಿದ ಜೇಡವೊಂದು ಸಾಯುವ ಮುನ್ನ ಅವನನ್ನು ಕಚ್ಚುತ್ತದೆ. ಜೇಡದ ಬಲವೂ ಗೋಡೆ ಹತ್ತುವ ಶಕ್ತಿಯೂ ಅವನಿಗೆ ಬರುತ್ತವೆ. ಬಲೆಯನ್ನು ಮಾತ್ರ ಜೇಡ ಕೊಡಲಿಲ್ಲ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬಲೆಯ ಯಂತ್ರವನ್ನೂ ಅದರೊಳಗಿನ ಅಂಟುದ್ರವವನ್ನೂ ಹುಡುಗ ತಾನು ಕಲಿತ ರಸಾಯನಶಾಸ್ತ್ರದಿಂದ ತಾನೇ ತಯಾರಿಸುತ್ತಾನೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಪರಮಾಣುವಿನ ಭಯವೂ ಬೆರಗೂ ಲೋಕವನ್ನು ಆವರಿಸಿದ್ದ ಕಾಲವದು. ಆದುದರಿಂದ ಕಥೆಗಾರರಿಗೆ ವಿಕಿರಣವೇ ಮಾಯದಂಡವಾಗಿ ಒದಗಿತು. ನಲವತ್ತು ವರ್ಷಗಳ ಬಳಿಕ, 2002ರ ಚಲನಚಿತ್ರದಲ್ಲಿ, ವಿಕಿರಣದ ಸ್ಥಾನಕ್ಕೆ ವಂಶವಾಹಿಗಳನ್ನು ತಿದ್ದಿದ ಜೇಡ ಬಂದಿತು. ಮಾನವನ ವಂಶವಾಹಿಗಳ ಕರಡು ನಕ್ಷೆ 2001ರಲ್ಲಿ ತಾನೆ ಪ್ರಕಟವಾಗಿದ್ದಿತು! ಕಥೆ ಹೀಗೆ ತನ್ನ ಕಾಲದ ವಿಜ್ಞಾನದ ಕೈಹಿಡಿದು ನಡೆದು ಬಂದಿದೆ.

ಇನ್ನು ಇದೇ ಕಥೆ ಭಾರತಕ್ಕೆ ಬಂದ ಬಗೆಯನ್ನು ನೋಡೋಣ. ಪವಿತ್ರ್ ಪ್ರಭಾಕರ್ ಹಳ್ಳಿಯ ಬಡ ಹುಡುಗ. ವಿದ್ಯಾರ್ಥಿವೇತನ ದೊರೆತು ಮುಂಬಯಿಗೆ ಓದಲು ಬರುತ್ತಾನೆ. ಜೊತೆಯಲ್ಲಿ ಭೀಮ್ ಚಿಕ್ಕಪ್ಪ ಮತ್ತು ಮಾಯಾ ಚಿಕ್ಕಮ್ಮ. ಧೋತರ ಉಟ್ಟು ಶಾಲೆಗೆ ಬಂದವನನ್ನು ಪಟ್ಟಣದ ಹುಡುಗರು ಹಂಗಿಸುತ್ತಾರೆ, ಅಟ್ಟಿಸಿಕೊಂಡು ಹೋಗುತ್ತಾರೆ. ಹಾಗೆ ಓಡುವಾಗ ಒಬ್ಬ ಪುರಾತನ ಯೋಗಿ ಎದುರಾಗಿ, ದುಷ್ಟಶಕ್ತಿಯನ್ನು ಎದುರಿಸಲೆಂದು ಅವನಿಗೆ ಜೇಡದ ಬಲವನ್ನು ದಯಪಾಲಿಸುತ್ತಾನೆ. ಎದುರಾಳಿಯಾದ ಉದ್ಯಮಿಯೂ ಒಂದು ತಾಯಿತದ ಪ್ರಭಾವದಿಂದ ರಾಕ್ಷಸನಾಗುತ್ತಾನೆ. ಪ್ರಯೋಗಶಾಲೆ ಎಲ್ಲಿಯೂ ಇಲ್ಲ. ನ್ಯೂಯಾರ್ಕಿನ ಹುಡುಗನಿಗೆ ವಿಜ್ಞಾನ, ಭಾರತದ ಹುಡುಗನಿಗೆ ವರ. ಈ ಹಂಚಿಕೆಯನ್ನು ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ.

ನ್ಯಾಯವಾಗಿ ಹೇಳುವುದಾದರೆ, ಮೂಲಕಥೆಯ ವಿಜ್ಞಾನವೂ ಸರಿಯಾದುದಲ್ಲ. ಕ್ಷಕಿರಣಗಳು ಹಣ್ಣುನೊಣಗಳ ವಂಶವಾಹಿಗಳಲ್ಲಿ ಮಾರ್ಪಾಡು ತರುವುದನ್ನು ಹರ್ಮನ್ ಮುಲ್ಲರ್ 1927ರಲ್ಲಿಯೇ ತೋರಿಸಿದ್ದರು. ಅಂಥ ಮಾರ್ಪಾಡುಗಳಲ್ಲಿ ಹೆಚ್ಚಿನವು ಹಾನಿಕರ. ಮೇಲಾಗಿ, ಮನುಷ್ಯನ ದೇಹದಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಜೀವಕೋಶಗಳಿವೆ. ಒಂದು ಕಡಿತದಿಂದ ಅಷ್ಟೂ ಕೋಶಗಳು ಒಂದೇ ರೀತಿಯಲ್ಲಿ ಬದಲಾಗಿ, ಮನುಷ್ಯನಲ್ಲಿ ಜೇಡನ ಗುಣ ಮೂಡುವುದೆಂಬುದು ನಡೆಯದ ಮಾತು. ವಿಕಿರಣ ಅತಿಯಾದರೆ ಬಲ ಬರುವುದಿಲ್ಲ, ರೋಗ ಬರುತ್ತದೆ.

ಇದಕ್ಕಿಂತ ಮೂಲಭೂತವಾದ ಅಡ್ಡಿ ಮತ್ತೊಂದುಂಟು. ಅದು ಗಾತ್ರದ ಲೆಕ್ಕ. ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ನಿಂಬೆಹಣ್ಣಿನಷ್ಟು ದಪ್ಪನೆಯ ಹಸಿಮಣ್ಣಿನ ಉಂಡೆಗೆ ನಾಲ್ಕು ಕಸಬರಿಗೆ ಕಡ್ಡಿಗಳನ್ನು ಕಾಲಾಗಿ ಚುಚ್ಚಿ ನಿಲ್ಲಿಸಿ. ಅನಂತರ ಉಂಡೆಯ ಅಡ್ಡಳತೆಯನ್ನು ಇಮ್ಮಡಿ ಮಾಡಿ. ಮಣ್ಣು ಎಂಟು ಪಟ್ಟು ಬೇಕಾಗುತ್ತದೆ. ಕಾಲುಗಳ ಉದ್ದವನ್ನೂ ದಪ್ಪವನ್ನೂ ಇಮ್ಮಡಿ ಮಾಡಿ. ದಪ್ಪ ಇಮ್ಮಡಿಯಾಗಲು ಒಂದೊಂದು ಕಾಲಿಗೂ ನಾಲ್ಕು ಕಡ್ಡಿಗಳ ಕಟ್ಟು ಸಾಕು. ಭಾರ ಎಂಟು ಪಟ್ಟು, ಹೊರುವ ಕಡ್ಡಿಗಳು ನಾಲ್ಕು ಪಟ್ಟು. ಅಂದರೆ ಒಂದೊಂದು ಕಡ್ಡಿಯ ಮೇಲೂ ಹೊರೆ ಮೊದಲಿನ ಎರಡರಷ್ಟಾಯಿತು. ಇನ್ನೊಮ್ಮೆ ಇಮ್ಮಡಿಸಿದರೆ ಹೊರೆ ನಾಲ್ಕರಷ್ಟಾಗುತ್ತದೆ. ಹೀಗೆಯೇ ಒಂದು ಸೆಂಟಿಮೀಟರಿನ ಜೇಡವನ್ನು ನೂರು ಪಟ್ಟು ಹಿಗ್ಗಿಸಿ ಒಂದು ಮೀಟರಿಗೆ ತಂದರೆ, ಅದರ ತೂಕ ಹತ್ತು ಲಕ್ಷ ಪಟ್ಟು ಏರುತ್ತದೆ, ಪಾದಗಳ ವಿಸ್ತಾರ ಹತ್ತು ಸಾವಿರ ಪಟ್ಟು ಮಾತ್ರ. ಪಾದದ ಪ್ರತಿಯೊಂದು ಚುಕ್ಕೆಯೂ ಮೊದಲಿನ ನೂರರಷ್ಟು ಭಾರವನ್ನು ಹಿಡಿದಿರಬೇಕು.

ಈ ನಿಯಮವನ್ನು ಗೆಲಿಲಿಯೊ ತನ್ನ 1638ರ ಗ್ರಂಥದಲ್ಲಿ ವಿವರಿಸಿದ. ಅದೇ ಕಾಲದಲ್ಲಿ ವಿಜಯಪುರದಲ್ಲಿ 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟ ಏಳುತ್ತಿದ್ದಿತು. ಒಳಗೆ ಸುಮಾರು 38 ಮೀಟರ್ ಅಗಲದ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ ನಿಲ್ಲಿಸಿದ ಆ ಶಿಲ್ಪಿಗಳು ಗೆಲಿಲಿಯೊವಿನ ಪುಸ್ತಕವನ್ನು ಓದಿದವರಲ್ಲ. ಆದರೆ ದೊಡ್ಡದಕ್ಕೆ ಬೆಲೆ ತೆರಬೇಕೆಂಬುದು ಅವರ ಕೈಗೆ ತಿಳಿದಿದ್ದಿತು. ಗುಮ್ಮಟದ ಬುಡದ ದಪ್ಪ ಸುಮಾರು 3 ಮೀಟರ್; ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು ಆ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಸಣ್ಣದೊಂದು ಗುಡಿಯ ಗುಮ್ಮಟವನ್ನು ಹಾಗೆಯೇ ಹಿಗ್ಗಿಸಿ ಗೋಳಗುಮ್ಮಟವನ್ನು ಕಟ್ಟಲಾಗುವುದಿಲ್ಲ. ಜೇಡವನ್ನು ಹಾಗೆಯೇ ಹಿಗ್ಗಿಸಿ ಮನುಷ್ಯನನ್ನು ಗೋಡೆ ಹತ್ತಿಸಲೂ ಆಗುವುದಿಲ್ಲ.

ಈ ಎರಡನೆಯ ಮಾತಿಗೆ ಅಳತೆಯ ಆಧಾರವೂ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ 225 ಜಾತಿಯ ಪ್ರಾಣಿಗಳ ಅಂಟುಪಾದಗಳನ್ನು ಹೋಲಿಸಿ ನೋಡಿದರು. ದೇಹ ದೊಡ್ಡದಾದಂತೆ ಮೈಯ ಹೆಚ್ಚು ಹೆಚ್ಚು ಪಾಲು ಅಂಟುವ ಪಾದಕ್ಕೆ ಮೀಸಲಾಗಬೇಕಾಗುತ್ತದೆ. ನುಣುಪಾದ ಗೋಡೆಯನ್ನು ಹೀಗೆ ಹತ್ತುವ ಪ್ರಾಣಿಗಳಲ್ಲಿ ಹಲ್ಲಿಯ ಜಾತಿಯ ಗೆಕ್ಕೊ ಹೆಚ್ಚುಕಡಿಮೆ ಕಡೆಯ ಮೇರೆ. ಮನುಷ್ಯ ಗೆಕ್ಕೊವಿನಂತೆ ಹತ್ತಬೇಕಾದರೆ ಅವನ ಮೈಯ ಶೇಕಡ 40ರಷ್ಟು ಭಾಗ ಅಂಟುಮೆತ್ತೆಯಾಗಿರಬೇಕೆಂದು ಅವರು ಲೆಕ್ಕಹಾಕಿದರು. ಬೆರಳ ತುದಿಗಳಿಂದ ಗಗನಚುಂಬಿಯನ್ನು ಹತ್ತುವ ನಮ್ಮ ವೀರನಿಗೆ ಈ ಲೆಕ್ಕ ಹಿತವಾದುದಲ್ಲ.

ಹಾಗಾದರೆ ವಿಕಿರಣದ ಜೇಡವೂ ಸುಳ್ಳು, ಯೋಗಿಯ ವರವೂ ಸುಳ್ಳು, ಇವೆರಡರಲ್ಲಿ ಆರಿಸುವುದೇನಿದೆ? ಸುಳ್ಳು ವಿಜ್ಞಾನಕ್ಕಿಂತ ನೇರವಾದ ಮಾಯೆಯೇ ಪ್ರಾಮಾಣಿಕವಲ್ಲವೆ ಎಂದು ಕೇಳುವವರುಂಟು. ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಮಾಯೆಯ ಕಥೆ ತಾನು ಕಥೆಯೆಂಬುದನ್ನು ಮರೆಮಾಡುವುದಿಲ್ಲ. ವಿಜ್ಞಾನದ ವೇಷ ತೊಟ್ಟ ಕಥೆ ಮಗುವನ್ನು ದಾರಿತಪ್ಪಿಸಬಹುದು. ಇದನ್ನು ಒಪ್ಪಿಕೊಂಡ ಮೇಲೆಯೂ ನಾವು ಮೂಲಕಥೆಯ ಪಕ್ಷವನ್ನೇ ಹಿಡಿಯುತ್ತೇವೆ. ಕಾರಣವಿಷ್ಟೆ: ವಿಕಿರಣದಿಂದ ಬಲ ಬಂದಿತೆಂಬುದು ಪರೀಕ್ಷಿಸಬಹುದಾದ ಮಾತು. ಚುರುಕಾದ ಮಗು ಅದನ್ನು ಕೇಳಿ, ವಿಕಿರಣವೆಂದರೇನು, ಜೇಡದ ಕಾಲಿನಲ್ಲಿ ಏನಿದೆ ಎಂದು ಹುಡುಕಹೊರಟರೆ, ಕಥೆ ತಪ್ಪೆಂಬುದನ್ನು ತಾನೇ ಕಂಡುಕೊಳ್ಳುತ್ತದೆ. ಆ ತಪ್ಪನ್ನು ಕಾಣುವಷ್ಟರಲ್ಲಿ ಒಂದಿಷ್ಟು ಭೌತಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಕಲಿತಿರುತ್ತದೆ. ಈ ಲೇಖನದಲ್ಲಿ ನಾವು ಮಾಡಿರುವುದೂ ಅದನ್ನೇ. ಯೋಗಿಯ ವರವನ್ನು ಕುರಿತು ಮಗು ಏನನ್ನು ಹುಡುಕಬೇಕು? ಅಲ್ಲಿ ಪ್ರಶ್ನೆಗೆ ಬಾಗಿಲೇ ಇಲ್ಲ. ತಪ್ಪು ಉತ್ತರ ಮಗುವನ್ನು ಕೇಳಲು ಪ್ರೇರಿಸುತ್ತದೆ. ವರ ಕಾಯಲು ಕಲಿಸುತ್ತದೆ.

ಬಲೆಯ ಯಂತ್ರದ ಮಾತನ್ನು ನೆನಪಿನಲ್ಲಿಡಿ ಎಂದಿದ್ದೆವು. ಮೂಲಕಥೆಯ ಸಾರವಿರುವುದು ಅಲ್ಲಿಯೆ ಎಂಬುದು ನಮ್ಮ ಅಭಿಪ್ರಾಯ. ಕಡಿತ ಆಕಸ್ಮಿಕ; ಅದರಲ್ಲಿ ಹುಡುಗನ ಗುಣವೇನೂ ಇಲ್ಲ. ಯಂತ್ರವಾದರೋ ಅವನ ಸ್ವಂತ ದುಡಿಮೆ. ಜೇಡದ ನೂಲು ಅದೇ ತೂಕದ ಉಕ್ಕಿನ ತಂತಿಗಿಂತ ಬಲವಾದುದು. ಅಂಥ ನೂಲನ್ನು ಕೃತಕವಾಗಿ ತಯಾರಿಸಲು ಇಂದಿಗೂ ಅನೇಕ ಪ್ರಯೋಗಶಾಲೆಗಳಲ್ಲಿ ಶ್ರಮ ನಡೆದಿದೆ. ಹೀಗೆ ಕಥೆಯ ಅತ್ಯಂತ ನಂಬಬಹುದಾದ ಭಾಗವೇ ಅತ್ಯಂತ ಗೌರವಾರ್ಹ ಭಾಗವೂ ಆಗಿದೆ. ಹೊಸದಾಗಿ ಹೇಳುವವರು ಇದನ್ನು ಮರೆಯುವುದು ಭಾರತದಲ್ಲಿ ಮಾತ್ರವಲ್ಲ. 2002ರ ಚಲನಚಿತ್ರದಲ್ಲಿಯೂ ಬಲೆ ಹುಡುಗನ ಮೈಯಿಂದಲೇ ಹೊಮ್ಮಿತು, ಯಂತ್ರ ಮಾಯವಾಯಿತು. 2012ರ ಚಿತ್ರದಲ್ಲಿ ಅದು ಮತ್ತೆ ಬಂದಾಗ ನಮಗೆ ಸಂತೋಷವಾಯಿತು.

ಯೋಗಿಯೂ ವರವೂ ನಮ್ಮ ಸಂಸ್ಕೃತಿಯ ಸೊತ್ತಲ್ಲವೆ, ಕಥೆಯನ್ನು ನಮ್ಮದಾಗಿಸಲು ಅದೇ ದಾರಿಯಲ್ಲವೆ ಎಂಬ ಆಕ್ಷೇಪ ಬರಬಹುದು. ಆದರೆ ನಮ್ಮ ಪುರಾಣಗಳಲ್ಲಿ ವರ ಪುಕ್ಕಟೆಯಾಗಿ ಬರುವುದು ಅಪರೂಪ. ಅರ್ಜುನ ಇಂದ್ರಕೀಲ ಪರ್ವತದಲ್ಲಿ ತಪಸ್ಸು ಮಾಡಿ, ಕಿರಾತನ ವೇಷದ ಶಿವನೊಡನೆ ಸೆಣಸಿ, ಆ ಮೇಲೆ ಪಾಶುಪತವನ್ನು ಪಡೆದ. ಏಕಲವ್ಯನಿಗೆ ಗುರು ಕಲಿಸಲಿಲ್ಲ. ಮಣ್ಣಿನ ಮೂರ್ತಿಯನ್ನು ಎದುರಿಗಿಟ್ಟುಕೊಂಡು ತಾನೇ ಕಲಿತ. ಸುಲಭವಾಗಿ ದೊರೆತ ವರದ ಗತಿ ಏನೆಂಬುದಕ್ಕೆ ಭಸ್ಮಾಸುರನ ಕಥೆಯೇ ಸಾಕು. ವಿಜಯಪುರದ ಸೀಮೆಯ ದೊಡ್ಡಾಟದಲ್ಲಿ ರಾತ್ರಿಯಿಡೀ ಇಂಥ ವೀರರನ್ನು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಡಿಬಂದ ಹುಡುಗನಿಗೆ ಗಳಿಗೆಯಲ್ಲಿ ಬಲವನ್ನು ಕೊಟ್ಟುಬಿಡುವ ಯೋಗಿ ವಿಜ್ಞಾನಕ್ಕೆ ದೂರವಾದಂತೆ ನಮ್ಮ ಪುರಾಣಕ್ಕೂ ದೂರವಾದವನೇ. ಅವನು ಭಾರತದ ಹೆಸರಿನಲ್ಲಿ ಬಂದಿರುವ ಒಂದು ಅಲಂಕಾರ ಮಾತ್ರ.

ನಮ್ಮ ಸಂಸ್ಕೃತಿಯೆಂದರೆ ಮಂತ್ರತಂತ್ರ ಮಾತ್ರವೆಂದು ಯಾರು ಹೇಳಿದರು? 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ತನ್ನ ಊರನ್ನು ವಿಜ್ಜಡವಿಡವೆಂದು ಕರೆದಿದ್ದಾನೆ. ಅದು ವಿಜಯಪುರವೇ ಎಂದು ಕೆಲವರು ವಿದ್ವಾಂಸರೂ ಅಲ್ಲವೆಂದು ಕೆಲವರೂ ವಾದಿಸುತ್ತಾರೆ. ಊರು ಯಾವುದೇ ಇರಲಿ, ‘ಲೀಲಾವತಿ’ಯ ಲೆಕ್ಕಗಳು ಈ ನಾಡಿನ ಪರಂಪರೆಯೇ. ಭಾರತೀಯನಾಗಬೇಕಾದರೆ ಪ್ರಯೋಗಶಾಲೆಯನ್ನು ಬಿಟ್ಟು ಬರಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಶಕ್ತಿಗೆ ಲೆಕ್ಕವುಂಟೆಂಬುದನ್ನು ಬಬಲೇಶ್ವರದ ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಬರ ಕಂಡ ಸೀಮೆಯದು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಲ್ಲಿ ಕೃಷ್ಣೆಯ ನೀರು ತಾನಾಗಿ ದಿಬ್ಬ ಹತ್ತುವುದಿಲ್ಲ. ಪಂಪು ಎತ್ತಬೇಕು, ಪಂಪಿಗೆ ವಿದ್ಯುತ್ತು ಬೇಕು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು, ಯಂತ್ರದ ನಷ್ಟವನ್ನು ಬಿಟ್ಟರೂ, ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಖರ್ಚಾಗುತ್ತದೆ. ಪ್ರಕೃತಿಯ ಖಾತೆಯಲ್ಲಿ ಸಾಲವಿಲ್ಲ, ದಾನವೂ ಇಲ್ಲ. ನೆಲದ ಕೆಳಗಿನ ಕೊಳವೆಯಲ್ಲಿ ನೀರು ದಿಬ್ಬ ಏರಿ ಬಂದು ಬತ್ತಿದ ಕೆರೆಯನ್ನು ತುಂಬುವುದೇನು ಕಡಮೆಯ ಪವಾಡವೆ? ಅದರ ಹುಟ್ಟಿನ ಕಥೆಯಲ್ಲಿ ಯೋಗಿಯಿಲ್ಲ. ಅಳತೆ ಮಾಡಿದವರು, ನಕ್ಷೆ ಬರೆದವರು, ಬೆಸುಗೆ ಹಾಕಿದವರು ಇದ್ದಾರೆ.

ಈ ಪುನಃಕಥನದ ಒಂದು ಗುಣವನ್ನು ನಾವು ಮನಸಾರೆ ಮೆಚ್ಚುತ್ತೇವೆ. ವಿದ್ಯಾರ್ಥಿವೇತನದ ಮೇಲೆ ಪಟ್ಟಣಕ್ಕೆ ಬಂದು ಉಡುಪಿನ ಸಲುವಾಗಿ ಅವಮಾನ ಪಡುವ ಹಳ್ಳಿಯ ಹುಡುಗ ಮೂಲಕಥೆಯಲ್ಲಿಲ್ಲ. ಅದು ನಮ್ಮ ನೆಲದ ಸತ್ಯ. ಈಚೆಗೆ ತಾಲ್ಲೂಕಿನ ಊರುಗಳಾದ ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ಬಸ್ಸು ಹತ್ತಿ ಬರುವ ಎಷ್ಟೋ ಮಕ್ಕಳಿಗೆ ಪವಿತ್ರನ ಮೊದಲ ಪುಟಗಳು ತಮ್ಮವೇ ಎನಿಸಬಹುದು. ಹಾಗೆ ಎನಿಸಿದ ಮರುಕ್ಷಣವೇ ಕಥೆ ಅವರಿಗೆ ಏನು ಹೇಳುತ್ತದೆ? ‘ನೀನು ಓದಲು ಬಂದೆ, ಸರಿ, ಆದರೆ ನಿನ್ನನ್ನು ಎತ್ತಿಹಿಡಿಯುವುದು ನಿನ್ನ ಓದಲ್ಲ’ ಎಂದು. ವಿದ್ಯಾರ್ಥಿವೇತನ ಪಡೆದ ಹುಡುಗನನ್ನು ಆರಿಸಿಕೊಂಡು ಅವನ ವಿದ್ಯೆಯನ್ನೇ ಕಥೆಯಿಂದ ಹೊರಗಿಟ್ಟುದು ಈ ಪುಸ್ತಕದ ದೊಡ್ಡ ಲೋಪ. 2004ರ ಹಿಂದಿನ ವರ್ಷವೇ, 2003ರಲ್ಲಿ, ವಿಜಯಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಗಿದ್ದಿತು. ಹಳ್ಳಿಯ ಹೆಣ್ಣುಮಗಳೊಬ್ಬಳು ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತಿದ್ದ ಹೊತ್ತಿನಲ್ಲಿ ನಮ್ಮ ವೀರನನ್ನು ಅಲ್ಲಿಂದ ಹೊರಕ್ಕೆ ಕರೆದೊಯ್ದುದು ಸೋಜಿಗವೇ.

ಜೇಡಮಾನವನ ಕಥೆಯನ್ನು ಮುಂದೆಯೂ ಜನ ಹೊಸದಾಗಿ ಹೇಳುತ್ತಾರೆ. ಕನ್ನಡದಲ್ಲಿಯೇ ಹೇಳುವವರೂ ಹುಟ್ಟಲಿ ಎಂದು ಹಾರೈಸುತ್ತೇವೆ. ಅವರಲ್ಲಿ ನಮ್ಮದೊಂದು ಬಿನ್ನಹ. ಕಥೆ ತಿಕೋಟಾದ ದ್ರಾಕ್ಷಿಯ ತೋಟದಲ್ಲಿ ಮೊದಲಾಗಲಿ. ಬಳ್ಳಿಯ ಹಂದರದಲ್ಲಿ ಜೇಡ ಹುಳುಗಳನ್ನು ಹಿಡಿದು ತಿನ್ನುವುದನ್ನು ಒಬ್ಬಳು ಹುಡುಗಿ ದಿನವೂ ನೋಡಲಿ, ಎಣಿಸಲಿ, ಬರೆದಿಡಲಿ. ಅವಳ ಮೊದಲ ನೂಲು ಹರಿಯಲಿ, ಎರಡನೆಯದೂ ಹರಿಯಲಿ. ಬೇಕಾದರೆ ಆ ಬಳಿಕ ಅವಳು ಆಕಾಶದಲ್ಲಿ ತೂಗಾಡಲಿ. ಕಥೆಯಲ್ಲಿ ಅಷ್ಟು ಸ್ವಾತಂತ್ರ್ಯ ಇರಲೇಬೇಕು. ಗಾತ್ರದ ನಿಯಮವನ್ನು ಮುರಿಯುವ ಹಕ್ಕು ಕಥೆಗಾರನಿಗುಂಟು. ದುಡಿಯದೆ ಬಲ ಬರುವುದೆಂದು, ಅದೂ ನಮ್ಮ ಮಕ್ಕಳಿಗೆ ಮಾತ್ರ ಹಾಗೆ ಬರುವುದೆಂದು ಹೇಳುವ ಹಕ್ಕನ್ನು ಅವನು ಬಳಸದಿದ್ದರೆ ಒಳ್ಳೆಯದು.

ಅಲ್ಲಿಯವರೆಗೆ ತಾಯಿತಂದೆಯರೂ ಉಪಾಧ್ಯಾಯರೂ ಮಾಡಬಹುದಾದ ಕೆಲಸವೊಂದಿದೆ. ಮಕ್ಕಳ ಕೈಯಿಂದ ಈ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಅವರ ಜೊತೆಗೆ ಕುಳಿತು ಓದಿ, ಚಿತ್ರಗಳ ಸೊಗಸನ್ನು ಸವಿಯಿರಿ. ಅನಂತರ ಮಣ್ಣಿನ ಉಂಡೆಯನ್ನೂ ಕಸಬರಿಗೆ ಕಡ್ಡಿಗಳನ್ನೂ ತರಿಸಿ. ಕಾಲು ಮುರಿದು ಉಂಡೆ ಕುಸಿದಾಗ, ಗೋಳಗುಮ್ಮಟ ಹೇಗೆ ಕುಸಿಯದೆ ನಿಂತಿದೆಯೆಂದು ಮಗು ಕೇಳಿದರೆ, ಅದಕ್ಕೆ ಬರಬೇಕಾದ ಬಲ ಬರತೊಡಗಿದೆಯೆಂದು ತಿಳಿಯಬಹುದು.